ಎರಡು ಗಂಟೆಯ ದಾರಿ

ಎಂಬತ್ತನಾಲ್ಕರ ಕೊನೆಯಲ್ಲಿ ನಾವು ಸಾಂಟಾ ಕ್ಲಾರಾದ ಒಂದು ಹಳೆಯ ಮನೆಯ ಹಿಂಭಾಗಕ್ಕೆ ಬಾಡಿಗೆಗೆ ಬಂದೆವು. ನನ್ನ ಯಜಮಾನರಿಗೆ ಮೆನ್ಲೋ ಪಾರ್ಕಿನಲ್ಲಿ ಕೆಲಸ. ಮಗಳಿಗೆ ಮೂರು ವರ್ಷ. ನಾನು ಮಂಡ್ಯದ ಹೈಸ್ಕೂಲೊಂದರಲ್ಲಿ ಏಳು ವರ್ಷ ಸಮಾಜ ಪಾಠ ಮಾಡಿದವಳು. ಇಲ್ಲಿಗೆ ಬಂದ ಮೇಲೆ ನನ್ನ ಬಿ.ಎಡ್. ಸರ್ಟಿಫಿಕೇಟು ಸೂಟ್‌ಕೇಸಿನಲ್ಲಿ, ಸೀರೆಗಳ ಕೆಳಗೆ ಸೇರಿಹೋಗಿತ್ತು.

ಮನೆಯೊಡತಿ ಅರವತ್ತರ ಆಸುಪಾಸಿನ ವಿಧವೆ, ಪೋರ್ಚುಗಲ್ ದೇಶದವರು. ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಏಪ್ರಿಕಾಟ್ ಸೀಳಿ ಸೀಳಿ ಬೆರಳುಗಳು ಗಂಟುಕಟ್ಟಿಕೊಂಡಿದ್ದವು. ಮಕ್ಕಳಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಸುಲಭದ ಆಪರೇಷನ್ನು ಎಂದು ಹೇಳಿದ್ದರಂತೆ, ಇವರು ‘ಆಮೇಲೆ ನೋಡೋಣ’ ಎಂದು ಮುಂದೂಡುತ್ತಲೇ ಇದ್ದರು.

ಮೊದಲ ದಿನ ನನ್ನ ಕೈಗೆ ಬೀಗದ ಕೈ ಕೊಡುತ್ತಾ ಅವರು ತಮ್ಮ ಭಾಷೆಯಲ್ಲಿ ‘ಚಾವ್’ ಅಂದರು. ‘ನಮ್ಮಲ್ಲೂ ಚಾವಿ ಅಂತಾರೆ’ ಎಂದೆ. ಅವರಿಗೆ ನಂಬಿಕೆಯಾಗಲಿಲ್ಲ. ನನ್ನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಒಂದೊಂದನ್ನೇ ಮುಟ್ಟಿ ತೋರಿಸಿದರು. ಅವರ ‘ಮೆಜ’ ನಮ್ಮ ಮೇಜು. ಅವರ ‘ಅರ್ಮಾರಿಯು’ ನಮ್ಮ ಅಲಮಾರು. ಬಚ್ಚಲಿಗೆ ಹೋಗಿ ಸೋಪು ಎತ್ತಿ ಹಿಡಿದರು, ಅದೂ ಸಾಬೂನೇ. ಕೊನೆಗೆ ಕುರ್ಚಿಯ ಮೇಲೆ ಕೂತು ನಕ್ಕುಬಿಟ್ಟರು. ಸಂಜೆ ಯಜಮಾನರಿಗೆ ಹೇಳಿದರೆ, “ಮತ್ತೆ? ನಾನೂರೈವತ್ತು ವರ್ಷ ಗೋವಾದಲ್ಲಿ ಕೂತಿದ್ರಲ್ಲ, ಹೋಗೋವಾಗ ನಾಲ್ಕು ವರ್ಡ್ಸು ಬಿಟ್ಟು ಹೋಗಿದ್ದಾರೆ” ಎಂದರು.

ಮಗಳು ಅವರನ್ನು ಅಜ್ಜಿ ಎಂದು ಕರೆದಳು. ಅವರ ಕಿವಿಗೆ ಅದು ಹಿತವಾಗಿ ಕೇಳಿಸಿತೋ ಏನೋ, ನಮ್ಮೆಲ್ಲರಿಗೂ ಅವರು ಅಜ್ಜಿಯೇ ಆದರು. ನನ್ನನ್ನು ಅವರು ‘ಫಿಲ್ಯ’ ಎಂದು ಕರೆಯುತ್ತಿದ್ದರು. ಮಗಳೇ ಎಂದು ಅರ್ಥ. ಅವರ ಇಂಗ್ಲಿಷು ಒಡಕು, ನನ್ನದು ಪುಸ್ತಕದ್ದು. ಆದರೂ ನಮ್ಮ ಮಾತು ನಿಲ್ಲುತ್ತಿರಲಿಲ್ಲ.

ಅವರು ನನಗೊಂದು ಕೆಲಸ ಹಚ್ಚಿದರು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಮುಂಭಾಗದಲ್ಲಿದ್ದ ತಮ್ಮ ಮನೆಗೆ ಬಂದು ಪೇಪರು ಓದಬೇಕು, ಆ ಹೊತ್ತು ಮಗು ಅಂಗಳದ ಅಂಜೂರದ ಮರದ ಕೆಳಗೆ ಆಡಿಕೊಳ್ಳಲಿ. ಪೇಪರಿನ ಜೊತೆಗೆ ಪತ್ರಗಳನ್ನೂ ಓದಬೇಕಿತ್ತು. ಊರಿನಲ್ಲಿ ಅವರ ಚಿಕ್ಕಪ್ಪನ ಮೊಮ್ಮಗಳೊಬ್ಬಳು ಸ್ಕೂಲಿನಲ್ಲಿ ಮೇಷ್ಟ್ರಂತೆ. ತಿಂಗಳಿಗೊಂದು ಪತ್ರ ಬರೆಯುತ್ತಿದ್ದಳು, ಪೋರ್ಚುಗೀಸಿನಲ್ಲಿ. “ನನಗೆ ಬರಲ್ವಲ್ಲ ಅಜ್ಜಿ” ಎಂದೆ. “ನಿನಗೆ ಅರ್ಥ ಆಗಬೇಕಿಲ್ಲ. ಅಕ್ಷರ ಗೊತ್ತಲ್ಲ? ನೀನು ಓದು, ನನಗೆ ಅರ್ಥ ಆಗುತ್ತೆ” ಎಂದರು. ಪದದ ಮೊದಲಿನ ‘ಎಚ್’ ಹೇಳಬೇಡ, ಕೊನೆಯ ‘ಎಸ್’ ಬಂದರೆ ‘ಶ್’ ಅನ್ನು, ಹೀಗೆ ಎರಡು ವಾರ ತಿದ್ದಿದರು. ಗುಡಿಯಲ್ಲಿ ಅರ್ಥ ಗೊತ್ತಿಲ್ಲದೆ ಮಂತ್ರ ಹೇಳುವ ಹುಡುಗರ ಹಾಗೆ ನಾನು ಗಡಗಡ ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, ಮುಗಿದ ಮೇಲೆ ನನಗೆ ಸಾರಾಂಶ ಹೇಳುತ್ತಿದ್ದರು.

ಅವರ ಎರಡು ಅಭ್ಯಾಸಗಳು ನನಗೆ ವಿಚಿತ್ರವಾಗಿ ಕಾಣುತ್ತಿದ್ದವು. ಲಕೋಟೆ ಯಾವುದೇ ಬರಲಿ, ಕರೆಂಟಿನ ಬಿಲ್ಲೇ ಇರಲಿ, ಒಡೆದು ಬಾಯಿ ಕೆಳಗೆ ಮಾಡಿ ಎರಡು ಸಲ ಕೊಡವುತ್ತಿದ್ದರು. ಆಮೇಲೆ ಒಳಗೆ ಹೆಬ್ಬೆರಳು ಹಾಕಿ ಮೂಲೆಮೂಲೆ ಸವರಿ ನೋಡುತ್ತಿದ್ದರು. ಅಷ್ಟಾದ ಮೇಲೆಯೇ ಅದು ನನ್ನ ಕೈಗೆ. ಇನ್ನೊಂದು, ಮಧ್ಯಾಹ್ನ ನಾಲ್ಕು ಗಂಟೆಯ ಹೊತ್ತಿಗೆ ಪಡುವಣ ಬೆಟ್ಟಸಾಲಿನ ಮೇಲೆ ಸಮುದ್ರದ ಮಂಜು ಬೆಳ್ಳಗೆ ಇಳಿಯತೊಡಗಿದರೆ ಎದ್ದುಹೋಗಿ ಆ ಕಡೆಯ ಕಿಟಕಿಯ ಪರದೆ ಎಳೆದುಬಿಡುತ್ತಿದ್ದರು. ನಾವು ಲಾಸ್ ಆಲ್ಟೋಸಿಗೆ ಕಾರಿನಲ್ಲಿ ಹೋಗುತ್ತಾ ‘ಎಷ್ಟು ಚೆನ್ನಾಗಿದೆ’ ಎಂದುಕೊಂಡು ನೋಡುತ್ತಿದ್ದ ಮಂಜು ಅದು. ಒಂದು ಸಲ ಪರದೆ ಎಳೆದವರು ಬೆನ್ನು ತಿರುಗಿಸಿಕೊಂಡು ಬಹಳ ಹೊತ್ತು ಹಾಗೆಯೇ ನಿಂತಿದ್ದರು. ತುಟಿ ಅಲುಗುತ್ತಿತ್ತು. ಜಪ ಮಾಡುತ್ತಿದ್ದಾರೆ ಎಂದುಕೊಂಡೆ. ನನ್ನ ಮಗಳು ಬಂದು, “ಹೂ ಈಸ್ ಶೀ ಟಾಕಿಂಗ್ ಟು, ಅಮ್ಮ?” ಎಂದು ಕೇಳಿದಳು. ಆಗ ಗಮನಿಸಿದೆ. ಜಪದಲ್ಲಿ ನಡುನಡುವೆ ಉತ್ತರಕ್ಕೆ ಕಾಯುವುದಿಲ್ಲ. ಇವರು ಕಾಯುತ್ತಿದ್ದರು.

ಎಂಬತ್ತೈದರ ಜೂನ್ ತಿಂಗಳ ಒಂದು ಸಂಜೆ ಅಜ್ಜಿ ನಮ್ಮನ್ನೆಲ್ಲ ಮುಂದಿನ ಮನೆಗೆ ಟೀವಿ ನೋಡಲು ಕರೆದರು. ಸುದ್ದಿಯಲ್ಲಿ ಅವರ ದೇಶ ತೋರಿಸುತ್ತಿದ್ದರು. ಯಾವುದೋ ಹಳೆಯ ಮಠದ ಕೆತ್ತನೆಯ ಕಂಬಗಳ ನಡುವೆ ಉದ್ದನೆಯ ಮೇಜು, ದೊಡ್ಡವರೆಲ್ಲ ಕೂತು ಸಹಿ ಹಾಕುತ್ತಿದ್ದರು. ಅವರ ಪುಟ್ಟ ದೇಶ ಯೂರೋಪಿನ ಒಕ್ಕೂಟಕ್ಕೆ ಸೇರುವ ಕರಾರು. ಪಕ್ಕದ ದೊಡ್ಡ ದೇಶ ಸ್ಪೇನೂ ಅವತ್ತೇ ಸಹಿ ಹಾಕಿತ್ತು.

ಯಜಮಾನರು ಅಜ್ಜಿಗೆ ಇಂಗ್ಲಿಷಿನಲ್ಲಿ ಶುಭಾಶಯ ಹೇಳಿ, ನನ್ನ ಕಡೆ ತಿರುಗಿ, “ಲಾಟರಿ ಹೊಡೀತು ಕಣೇ ಇವ್ರಿಗೆ. ಸಣ್ಣ ಕಂಟ್ರಿ, ಅಷ್ಟು ದೊಡ್ಡ ಮಾರ್ಕೆಟ್ಟು. ರೋಡು, ಬ್ರಿಡ್ಜು, ಎಲ್ಲಾ ಆಗುತ್ತೆ ನೋಡ್ತಿರು” ಎಂದರು.

ಅಜ್ಜಿ ಟೀವಿಯಿಂದ ಕಣ್ಣು ತೆಗೆಯದೆ, “ಇನ್ನು ಗಡಿಯಲ್ಲಿ ಕಾವಲಿನವರು ಇರಲ್ವಾ?” ಎಂದು ಕೇಳಿದರು.

“ಇರ್ತಾರೆ ಅಜ್ಜಿ. ನಿಧಾನವಾಗಿ ಹೋಗ್ತಾರೆ. ಮುಂದೊಂದು ದಿನ ಗಡಿ ಎಲ್ಲಿತ್ತು ಅಂತಾನೇ ಗೊತ್ತಾಗಲ್ಲ” ಎಂದರು ಯಜಮಾನರು.

ಅಜ್ಜಿ ಎದ್ದುಹೋಗಿ ಟೀವಿ ಆರಿಸಿದರು. ಸಹಿ ಇನ್ನೂ ಮುಗಿದಿರಲಿಲ್ಲ. ನಾವು ಏನೂ ತೋಚದೆ ಮಗುವನ್ನೆತ್ತಿಕೊಂಡು ಹಿಂದಕ್ಕೆ ಬಂದೆವು.

ಮರುದಿನ ಬೆಳಿಗ್ಗೆ ನಾನು ಮೇಷ್ಟ್ರಾಗಿಬಿಟ್ಟೆ. ‘ಒಕ್ಕೂಟಕ್ಕೆ ಸೇರುವುದರಿಂದ ಸಣ್ಣ ದೇಶಕ್ಕಾಗುವ ಪ್ರಯೋಜನಗಳನ್ನು ವಿವರಿಸಿ’ ಎಂದು ಐದು ಅಂಕದ ಪ್ರಶ್ನೆ ಕೊಡುತ್ತಿದ್ದವಳು ನಾನು. ಮಕ್ಕಳು ಮಾರುಕಟ್ಟೆ, ರಸ್ತೆ, ಉದ್ಯೋಗ ಎಂದು ಬರೆದು ಕೊನೆಯಲ್ಲಿ ‘ಶಾಂತಿ’ ಎಂದು ಸೇರಿಸುತ್ತಿದ್ದರು. ಬಹಳ ದಿನದ ಮೇಲೆ ಪಾಠ ಹೇಳುವ ಅವಕಾಶ ಸಿಕ್ಕಿತ್ತು, ಬಿಡಲಿಲ್ಲ. ನನ್ನ ತಾಯಿಯ ತವರಿನ ಕತೆಯನ್ನೂ ಹೇಳಿದೆ. ಅದು ಕೊಳ್ಳೇಗಾಲದ ಕಡೆ. ನನ್ನ ತಾಯಿಯ ತಾಯಿಯ ಕಾಲಕ್ಕೆ ಅದು ಮದರಾಸಿಗೆ ಸೇರಿತ್ತು, ಹೊಳೆಯ ಈಚೆ ದಡ ಮೈಸೂರು ಮಹಾರಾಜರದ್ದು. ಎರಡೂ ಕಡೆ ಅದೇ ಕನ್ನಡ, ಅದೇ ರಾಗಿ, ಅದೇ ನೆಂಟಸ್ತನ. ಆದರೂ ದಾಟುವಾಗ ಸುಂಕದ ಚೌಕಿಯವನು ಗಂಟು ಬಿಚ್ಚಿ ನೋಡುತ್ತಿದ್ದನಂತೆ. ರಾಜ್ಯಗಳು ಒಂದಾದವು, ಚೌಕಿ ಹಾಳುಬಿತ್ತು. ನಾನು ಚಿಕ್ಕವಳಾಗಿದ್ದಾಗ ಅದರೊಳಗೆ ಎಮ್ಮೆ ಕಟ್ಟುತ್ತಿದ್ದರು.

“ಹಾಗೇನೇ ಅಜ್ಜಿ, ನಿಮ್ಮಲ್ಲೂ ಇನ್ನು ಯಾರೂ ಕದ್ದು ದಾಟಬೇಕಾಗಿಲ್ಲ” ಎಂದೆ.

‘ಕದ್ದು’ ಎಂಬ ಮಾತು ನನ್ನ ಬಾಯಿಗೆ ಹೇಗೆ ಬಂತೋ. ಅಜ್ಜಿಯ ಮುಖ ಬಿಳಿಚಿಕೊಂಡಿತು.

“ಯಾರು ಹೇಳಿದರು ನಿನಗೆ?” ಎಂದರು.

“ಏನು ಅಜ್ಜಿ?”

ಅವರು ಎದ್ದು ಅಲಮಾರಿನಿಂದ ಒಂದು ಪ್ರಾರ್ಥನೆಯ ಪುಸ್ತಕ ತಂದು, ಅದರೊಳಗಿಂದ ಒಂದು ಫೋಟೋ ತೆಗೆದು ನನ್ನ ಮುಂದಿಟ್ಟರು. ಅರ್ಧ ಫೋಟೋ. ಕೈಯಲ್ಲಿ ಹರಿದದ್ದು, ಅಂಚು ಗರಗಸದ ಹಾಗಿತ್ತು. ಒಂದು ಕಣ್ಣು, ಅರ್ಧ ಮೂಗು, ಒಂದು ಕಿವಿ, ಕೋಟಿನ ಒಂದು ಭುಜ. ಇಪ್ಪತ್ತರ ಹುಡುಗ.

“ನನ್ನ ತಮ್ಮ” ಎಂದರು.

ಅವನನ್ನು ಹೆತ್ತು ತಾಯಿ ತೀರಿಕೊಂಡಾಗ ಇವರಿಗೆ ಹದಿನೇಳು ವರ್ಷ. ಎತ್ತಿ ಆಡಿಸಿ ಬೆಳೆಸಿದವರು ಇವರೇ. ಊರು ದೇಶದ ಈಶಾನ್ಯದ ಮೂಲೆಯಲ್ಲಿ, ಚಳಿಗಾಲದಲ್ಲಿ ಹಿಮ ಬೀಳುವ ಬೆಟ್ಟದ ಸೀಮೆ. ಊರಾಚೆಯ ಗುಡ್ಡ ಹತ್ತಿ ಇಳಿದರೆ ಸ್ಪೇನು. ಅವನಿಗೆ ಇಪ್ಪತ್ತಾದಾಗ ಆಫ್ರಿಕದಲ್ಲಿ ಅವರ ಸರ್ಕಾರ ಯುದ್ಧ ನಡೆಸುತ್ತಿತ್ತು. ವಯಸ್ಸಿಗೆ ಬಂದ ಹುಡುಗರೆಲ್ಲ ಸೈನ್ಯಕ್ಕೆ ಹೋಗಲೇಬೇಕು. ಹೋಗಲೊಲ್ಲದವರು, ಊಟಕ್ಕಿಲ್ಲದವರು, ಕಾಗದಪತ್ರವಿಲ್ಲದೆ ಗಡಿ ದಾಟಿ, ಇಡೀ ಸ್ಪೇನನ್ನು ಅಡಗಿ ಅಡಗಿ ನಡೆದು, ಇನ್ನೊಂದು ದೊಡ್ಡ ಬೆಟ್ಟಸಾಲು ಹತ್ತಿಳಿದು ಫ್ರಾನ್ಸ್ ಸೇರುತ್ತಿದ್ದರು. ದಾರಿ ತೋರಿಸುವ ದಲ್ಲಾಳಿಗಳಿದ್ದರು. ಹೊರಡುವ ಮುನ್ನ ಹುಡುಗನ ಫೋಟೋ ಎರಡಾಗಿ ಹರಿಯುತ್ತಿದ್ದರು. ಅರ್ಧ ಮನೆಯಲ್ಲಿ, ಅರ್ಧ ಅವನ ಜೇಬಿನಲ್ಲಿ. ಫ್ರಾನ್ಸ್ ಮುಟ್ಟಿದ ಮೇಲೆ ಅವನು ತನ್ನ ಅರ್ಧವನ್ನು ಅಂಚೆಯಲ್ಲಿ ಮನೆಗೆ ಕಳಿಸುತ್ತಾನೆ. ಎರಡೂ ಕೂಡಿದರೆ ಕ್ಷೇಮವಾಗಿ ಸೇರಿದ ಎಂದು ಅರ್ಥ.

“ಬರಲಿಲ್ಲ” ಎಂದರು ಅಜ್ಜಿ.

ಎರಡು ತಿಂಗಳ ಮೇಲೆ ದಲ್ಲಾಳಿ ಬಂದು, ಫ್ರಾನ್ಸಿನ ಬೆಟ್ಟದವರೆಗೂ ಕರೆದುಕೊಂಡು ಹೋಗಿದ್ದೆ, ಹಿಮದಲ್ಲಿ ಗುಂಪು ಚೆದುರಿತು, ಅವನು ಆಚೆಗೆ ದಾಟಿರಬೇಕು ಎಂದನಂತೆ. ಪೊಲೀಸರಿಗೆ ಹೇಳುವ ಹಾಗಿಲ್ಲ. ಹೇಳಿದರೆ ಇಡೀ ಮನೆಯನ್ನೇ ಹಿಡಿಯುತ್ತಿದ್ದರು. ಎರಡು ವರ್ಷ ಕಾದರು. ಆಮೇಲೆ ಕ್ಯಾಲಿಫೋರ್ನಿಯದಲ್ಲಿದ್ದ ಒಬ್ಬ ವಿಧುರನಿಗೆ ಇವರನ್ನು ಮದುವೆ ಮಾಡಿ ಕಳಿಸಿದರು. ಇಲ್ಲಿಂದ ಫ್ರಾನ್ಸಿನ ಎಷ್ಟೋ ಊರುಗಳಿಗೆ, ಚರ್ಚುಗಳಿಗೆ ಬರೆಸಿ ಬರೆಸಿ ಕೇಳಿದ್ದರು.

“ನಿಮ್ಮ ತಮ್ಮ ಯುದ್ಧಕ್ಕೆ ಹೆದರಿದ್ರಾ?” ಎಂದು ಕೇಳಿದೆ. ಕೇಳಬಾರದಿತ್ತು.

“ಅವನಿಗೆ ಗಡಿ ದಾಟಿ ಹೋಗೋಕೆ ಇಷ್ಟವಿರಲಿಲ್ಲ, ಫಿಲ್ಯ. ಎರಡು ವರ್ಷ ತಾನೇ, ಸೈನ್ಯಕ್ಕೇ ಹೋಗಿ ಬರ್ತೀನಿ ಅಂದ. ಹೆದರಿದವಳು ನಾನು. ದಲ್ಲಾಳಿಯನ್ನು ಹುಡುಕಿದವಳು ನಾನು. ಫೋಟೋ ಹರಿದವಳೂ ನಾನೇ.” ಫೋಟೋವನ್ನು ಮತ್ತೆ ಪುಸ್ತಕದೊಳಗೆ ಇಟ್ಟು, “ಆ ವರ್ಷ ನಮ್ಮೂರಿಂದ ನಾಲ್ಕು ಹುಡುಗರು ಯುದ್ಧಕ್ಕೆ ಹೋದರು. ನಾಲ್ವರೂ ವಾಪಸು ಬಂದರು” ಎಂದರು.

ಅಂಗಳದಲ್ಲಿ ನನ್ನ ಮಗಳು ಒಬ್ಬಳೇ ಏನೋ ಹಾಡಿಕೊಳ್ಳುತ್ತಿದ್ದಳು. ಅವತ್ತು ಪೇಪರು ಓದಲಿಲ್ಲ.

ಎಂಬತ್ತಾರರ ಹೊಸವರ್ಷದ ದಿನ ಅವರ ದೇಶ ಒಕ್ಕೂಟದೊಳಗೆ ಬಂತು. ಆಮೇಲಿನ ಪತ್ರಗಳು ನನ್ನ ಐದು ಅಂಕದ ಪ್ರಶ್ನೆಗೆ ಉತ್ತರ ಬರೆದ ಹಾಗೆ ಇರುತ್ತಿದ್ದವು. ನಾನು ಓದುತ್ತಿದ್ದೆ, ಅಜ್ಜಿ ಸಾರಾಂಶ ಹೇಳುತ್ತಿದ್ದರು. ಊರಿನ ರಸ್ತೆ ಅಳೆಯಲು ಜನ ಬಂದಿದ್ದಾರೆ. ಸ್ಕೂಲಿಗೆ ಒಲೆ ಬಂದಿದೆ, ಮಕ್ಕಳು ಮನೆಯಿಂದ ಸೌದೆ ತರಬೇಕಾಗಿಲ್ಲ. ಫ್ರಾನ್ಸಿನಲ್ಲಿ ದುಡಿಯುವ ಊರಿನವರಿಗೆ ಈಗ ಅಲ್ಲಿ ಮರ್ಯಾದೆ ಹೆಚ್ಚಿದೆ, ರಜಕ್ಕೆ ಕಾರಿನಲ್ಲಿ ಬರುತ್ತಾರೆ. ಗುಡ್ಡದ ಮೇಲಿನ ಗಡಿಯ ಗೇಟು ಮೊದಲು ಜಾತ್ರೆಯ ದಿನ ಮಾತ್ರ ತೆಗೆಯುತ್ತಿದ್ದರು, ಈಗ ದಿನವಿಡೀ ತೆರೆದಿರುತ್ತೆ. ನಮ್ಮ ಹೆಂಗಸರು ಚೆಸ್ಟ್‌ನಟ್ ಕಾಯಿ ಹೊತ್ತುಕೊಂಡು ಆ ಕಡೆಯ ಸಂತೆಗೆ ಹೋಗಿ ಸಂಜೆಗೆ ವಾಪಸು ಬರುತ್ತಾರೆ.

“ಒಳ್ಳೇದಾಯ್ತಲ್ಲ ಅಜ್ಜಿ” ಎನ್ನುತ್ತಿದ್ದೆ.

“ಒಳ್ಳೇದೇ” ಎನ್ನುತ್ತಿದ್ದರು. ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ಒಂದೊಂದು ಒಳ್ಳೆಯ ಸುದ್ದಿಗೂ ಅವರು ಇನ್ನಷ್ಟು ಕುಗ್ಗುವುದು ನನಗೆ ಕಾಣುತ್ತಿತ್ತು. ಒಮ್ಮೆ ತಡೆಯದೆ ಹೇಳಿಬಿಟ್ಟರು: “ಹೆಂಗಸರು ಕಾಯಿ ಮಾರೋಕೆ ಹೋಗಿಬರುವಷ್ಟು ಸುಲಭವಾಯಿತು. ಇಷ್ಟೇನಾ? ಇಷ್ಟಕ್ಕೇನಾ?”

ಎಂಬತ್ತೇಳರ ಮಾರ್ಚಿನಲ್ಲಿ ಒಂದು ಪತ್ರ ಬಂತು, ಮಾಮೂಲಿಗಿಂತ ದಪ್ಪ. ಅಜ್ಜಿ ಎಂದಿನಂತೆ ಕೊಡವಿ, ಸವರಿ, ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡರು. ಓದತೊಡಗಿದೆ. ಎರಡು ಪುಟದವರೆಗೆ ಅವರ ಮುಖದಲ್ಲಿ ಏನೂ ಇರಲಿಲ್ಲ. ಮೂರನೆಯ ಪುಟದಲ್ಲಿ ‘ದುವಶ್ ಓರಶ್’ ಎಂಬ ಮಾತು ಬಂತು. ಅಜ್ಜಿ ಕಣ್ಣು ತೆರೆದರು.

“ಇನ್ನೊಂದು ಸಲ” ಎಂದರು.

ಓದಿದೆ. ದುವಶ್ ಓರಶ್.

“ಮುಂದೆ ಓದು.”

ಮುಂದೆ ಓದಿದೆ. ಅವರ ಎರಡು ಕೈಗಳೂ ಮೇಜಿನ ಅಂಚನ್ನು ಹಿಡಿದುಕೊಂಡವು. ಏನೋ ಆಗುತ್ತಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ನಿಲ್ಲಿಸಿ ತಲೆ ಎತ್ತಿದರೆ, “ಓದು, ಓದು” ಎಂದರು. ಧ್ವನಿ ಅವರದಾಗಿರಲಿಲ್ಲ. ನನ್ನ ಬಾಯಿಂದ ಹೊರಡುವ ಒಂದೊಂದು ಶಬ್ದವೂ ಅವರಿಗೆ ತಗಲುವುದನ್ನು ನೋಡುತ್ತಾ ನಾನು ಓದಿದೆ, ಅರ್ಥ ಗೊತ್ತಿಲ್ಲದೆ, ಉಚ್ಚಾರ ತಪ್ಪದಂತೆ ಎಚ್ಚರ ವಹಿಸಿ. ಕೊನೆಯ ಪುಟದಲ್ಲಿ ಒಂದು ಕಡೆ ಅವರು ಬಗ್ಗಿ ತಮ್ಮ ಎಡಗಾಲನ್ನು ಮುಟ್ಟಿಕೊಂಡರು. ಅಳಲಿಲ್ಲ.

ಸಾರಾಂಶ ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಸಂತೆಗೆ ಹೋದ ಹೆಂಗಸರು ಆ ಕಡೆಯ ಊರಿನ ಸ್ಮಶಾನದ ಪಕ್ಕ ಕೂತು ಊಟ ಮಾಡುತ್ತಿದ್ದರಂತೆ. ಗೋಡೆಯ ಬುಡದಲ್ಲಿ ಹೆಸರಿಲ್ಲದ ಒಂದು ಗೋರಿ. ಅದರ ಮೇಲೆ ಹೂವಿಡುತ್ತಿದ್ದ ಮುದುಕಿಯೊಬ್ಬಳನ್ನು ಯಾರದೆಂದು ಕೇಳಿದರೆ, ‘ಪೋರ್ಚುಗಲ್ಲಿನ ಹುಡುಗನದು’ ಎಂದಳು. ಇಪ್ಪತ್ತೆರಡು ವರ್ಷದ ಕೆಳಗೆ, ಹಿಮ ಕರಗಿದಾಗ, ಗುಡ್ಡದ ಕೊರಕಲಿನಲ್ಲಿ ಸಿಕ್ಕ ದೇಹ. ಊರಿನವರು ಕಾವಲಿನವರಿಗೆ ಹೆದರಿ ಸದ್ದಿಲ್ಲದೆ ಮಣ್ಣುಮಾಡಿದರು. ಈಚೆ ಊರಿಗೆ ಹೇಳಿಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಹೇಳಿದರೆ ದಾಟಿಸಿದವರು ಯಾರು ಎಂದು ಎರಡೂ ಕಡೆ ವಿಚಾರಣೆ. ದೇಹ ತೊಳೆದವಳು ಆ ಮುದುಕಿಯೇ. ಎಡಗಾಲಿನ ಎರಡು ಬೆರಳು ಕೂಡಿಕೊಂಡಿದ್ದವು ಎಂದು ಅವಳಿಗೆ ನೆನಪಿತ್ತು.

“ನಮ್ಮ ತಾಯಿಗೂ ಹಾಗೇ” ಎಂದರು ಅಜ್ಜಿ. ತಮ್ಮ ಚಪ್ಪಲಿ ಕಳಚಿ ಕಾಲು ತೋರಿಸಿದರು. ಎರಡು ವರ್ಷಕ್ಕೂ ಮೇಲೆ ದಿನಾ ನೋಡಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ.

“ಜೇಬಿನಲ್ಲಿ ಅರ್ಧ ಫೋಟೋ ಇತ್ತಂತೆ. ಸತ್ತವರ ವಸ್ತು ಇಟ್ಟುಕೊಳ್ಳಬಾರದು ಅಂತ ಅವನ ಜೊತೆಗೇ ಮಣ್ಣಿಗೆ ಹಾಕಿದರಂತೆ.”

“ಅಜ್ಜಿ, ದುವಶ್ ಓರಶ್ ಅಂದರೆ ಏನು?”

“ಎರಡು ಗಂಟೆ. ನಮ್ಮೂರಿಂದ ಆ ಗೋರಿಗೆ ಎರಡು ಗಂಟೆಯ ದಾರಿ.”

ಫ್ರಾನ್ಸ್ ಇರಲಿ, ಅವನು ಮೊದಲ ಗುಡ್ಡವನ್ನೂ ದಾಟಿ ಮುಗಿಸಿರಲಿಲ್ಲ. ಹೊರಟ ದಿನವೇ ಹಿಮದಲ್ಲಿ ಉಳಿದುಬಿಟ್ಟಿದ್ದ. ದಲ್ಲಾಳಿ ಸುಳ್ಳು ಹೇಳಿದ್ದ. ಆ ಎರಡು ವರ್ಷ ಅಜ್ಜಿ ಊರಿನ ಚರ್ಚಿನಲ್ಲಿ ಪ್ರತಿ ಭಾನುವಾರ ಅವನ ಹೆಸರಿನಲ್ಲಿ ಪೂಜೆ ಮಾಡಿಸಿದ್ದರು. ಆ ಚರ್ಚಿನ ಗಂಟೆ ಗುಡ್ಡದಾಚೆಯ ಊರಿಗೂ ಕೇಳಿಸುತ್ತದೆ ಎಂದು ಪತ್ರದಲ್ಲಿತ್ತು.

ಆ ವಸಂತವೆಲ್ಲ ಆ ಎರಡು ಪದ ನನ್ನನ್ನು ಬಿಡಲಿಲ್ಲ. ಹುಳಿಗೆ ಒಗ್ಗರಣೆ ಹಾಕುವಾಗ, ಮಗಳನ್ನು ಡೇಕೇರಿಗೆ ಬಿಟ್ಟು ಫ್ರೀವೇಯಲ್ಲಿ ವಾಪಸು ಬರುವಾಗ, ನಾಲಗೆ ತಾನಾಗಿ ದುವಶ್ ಓರಶ್ ಎನ್ನುತ್ತಿತ್ತು. ಯಾರೋ ನನ್ನ ಬಾಯನ್ನು ಎರವಲು ಪಡೆದು ಹಿಂದಿರುಗಿಸದೆ ಹೋದ ಹಾಗೆ. ಬಸ್ ಸ್ಟಾಪಿನಲ್ಲಿ ಕೋಟು ತೊಟ್ಟ ಹುಡುಗ ನಿಂತಿದ್ದರೆ ಅವನ ಮುಖದ ಅರ್ಧ ಮಾತ್ರ ಕಾಣುತ್ತಿತ್ತು ನನಗೆ. ಯಜಮಾನರಿಗೆ ಹೇಳಿದೆ. “ನೀನು ರೀಡ್ ಮಾಡಿದ್ದಷ್ಟೇ ಕಣೇ, ನೀನೇನು ಮಾಡ್ದೆ?” ಎಂದರು. ಸರಿಯಾದ ಮಾತೇ. ಆದರೂ ಆ ಸುದ್ದಿ ಅಜ್ಜಿಯ ಕಿವಿಗೆ ಬಿದ್ದದ್ದು ನನ್ನ ಧ್ವನಿಯಲ್ಲಿ.

ಅಜ್ಜಿ ಒಂದು ವಾರ ಯಾರನ್ನೂ ಒಳಗೆ ಬಿಡಲಿಲ್ಲ. ಅಡುಗೆ ಮಾಡಿ ಬಾಗಿಲಲ್ಲಿಟ್ಟರೆ ಖಾಲಿ ಪಾತ್ರೆ ತೊಳೆದು ಹೊರಗಿಡುತ್ತಿದ್ದರು. ಎಂಟನೆಯ ದಿನ ಬಾಗಿಲು ತೆರೆದು, “ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡು. ಅವನನ್ನು ಮಲಗಿಸಿದ ಜಾಗ ಸರಿಯಾಗಿ ನೋಡಬೇಕು” ಎಂದರು. ಎರಡೂ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ನನ್ನ ಮುಖ ನೋಡಿ, “ನೀನು ಇಷ್ಟು ಚಿಕ್ಕವಳಾ?” ಎಂದರು. ಸೆಪ್ಟೆಂಬರಿನಲ್ಲಿ ನಾವೇ ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿಗೆ ಬಿಟ್ಟುಬಂದೆವು. ಒಂದು ತಿಂಗಳು ಮುಂದಿನ ಮನೆಯಲ್ಲಿ ದೀಪವಿರಲಿಲ್ಲ. ಮಗಳು ಆ ಕಡೆಯ ಅಂಗಳಕ್ಕೆ ಆಡಲು ಹೋಗಲು ಒಪ್ಪಲಿಲ್ಲ. ಯಾಕೆ ಎಂದರೆ, “ಸಮ್‌ಬಡಿ ಈಸ್ ವೇಟಿಂಗ್ ದೇರ್” ಎಂದಳು. ಹೋಗಿ ನೋಡಿದೆ. ಅಂಜೂರದ ಹಣ್ಣು ಕೊಳೆತು ಬಿದ್ದಿತ್ತು, ಅಷ್ಟೇ. ಆದರೆ ನಾನೂ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಅಜ್ಜಿ ವಾಪಸು ಬಂದು ಹೇಳಿದ್ದರಲ್ಲಿ ಗೋರಿಯ ಮಾತು ಕಡಿಮೆ, ಗಡಿಯ ಮಾತೇ ಹೆಚ್ಚು. ಆ ಎರಡು ಗಂಟೆಯ ದಾರಿಯನ್ನು ಅವರು ಕಾರು ಬೇಡವೆಂದು ನಡೆದೇ ಹೋದರಂತೆ, ಪತ್ರ ಬರೆಯುವ ಹುಡುಗಿಯನ್ನು ಜೊತೆಗೆ ಕರೆದುಕೊಂಡು. ಗುಡ್ಡದ ಮೇಲೆ ಗೇಟು, ಪಕ್ಕದಲ್ಲಿ ಸಣ್ಣ ಗೂಡು. ಒಳಗೆ ಕಾವಲಿನವನು ಕುರ್ಚಿಯಲ್ಲಿ ಕೂತು ಕಿತ್ತಳೆ ಹಣ್ಣು ಸುಲಿಯುತ್ತಿದ್ದ. ಇವರನ್ನು ನೋಡಿ, ಹಣ್ಣು ಹಿಡಿದ ಕೈಯಲ್ಲೇ ಹೋಗಿ ಹೋಗಿ ಎಂದು ಸನ್ನೆ ಮಾಡಿದ.

“ಎದ್ದು ನಿಲ್ಲಲೂ ಇಲ್ಲ, ಫಿಲ್ಯ. ನಾನು ಹೋಗಿ ಪಾಸ್‌ಪೋರ್ಟು ಅವನ ಮುಂದಿಟ್ಟೆ. ನೋಡಪ್ಪ ಅಂದೆ. ಬೇಡ ತಾಯಿ ಹೋಗಿ ಅಂದ. ನೋಡಬೇಕು ನೀನು ಅಂದೆ. ಅವನಿಗೆ ನಗು. ಹುಡುಗಿ ನನ್ನ ಕೈ ಎಳೀತಿದ್ದಾಳೆ. ನಾನು ಬಿಡಲಿಲ್ಲ. ಎದ್ದು ನಿಂತು, ಕೈ ಒರೆಸಿಕೊಂಡು, ಸರಿಯಾಗಿ ನೋಡು ಅಂದೆ.”

“ಎದ್ದನಾ?”

“ಎದ್ದ. ನನ್ನ ಮುಖ ನೋಡಿ ಏನನ್ನಿಸಿತೋ, ಟೋಪಿನೂ ಹಾಕಿಕೊಂಡ. ಪುಟ ತಿರುಗಿಸಿ ನೋಡಿದ. ಹೆಸರು ಓದಿದ. ಆಮೇಲೆ ಹೋದೆ.”

ಆ ಮುದುಕಿ ಇನ್ನೂ ಇದ್ದಳು, ಎಂಬತ್ತು ದಾಟಿದವಳು. ಇವರು ಯಾರೆಂದು ತಿಳಿದಾಗ ಅವಳು ಮೊದಲು ಕೇಳಿದ್ದು ಹುಡುಗನ ಹೆಸರೇನು ಎಂದು. ಇಪ್ಪತ್ತೆರಡು ವರ್ಷ ಹೆಸರಿಲ್ಲದೆ ಅವನಿಗಾಗಿ ಪ್ರಾರ್ಥನೆ ಮಾಡಿದ್ದಳು. ಹೇಳಿದಾಗ ಎರಡು ಮೂರು ಸಲ ಬಾಯಿಪಾಠ ಮಾಡುವವಳ ಹಾಗೆ ಹೇಳಿಕೊಂಡಳಂತೆ. ಎಲುಬುಗಳನ್ನು ಈಚೆ ಊರಿಗೆ ತರಬಹುದು, ಈಗ ಎರಡೂ ಕಡೆಯ ಪಂಚಾಯ್ತಿಗಳು ಒಂದು ಕಾಗದದಲ್ಲಿ ಮುಗಿಸಿಕೊಡುತ್ತವೆ ಎಂದು ಎಲ್ಲರೂ ಹೇಳಿದರು. ಅಜ್ಜಿ ಒಪ್ಪಲಿಲ್ಲ. “ನಾನು ಅವನನ್ನು ಒಂದು ಸಲ ಎಬ್ಬಿಸಿ ಕಳಿಸಿದ್ದು ಸಾಕು” ಎಂದರು. ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಬಂದರು.

ಇದರಿಂದ ಅವರಿಗೆ ನೆಮ್ಮದಿ ಸಿಕ್ಕಿತು ಎಂದು ಬರೆಯಲು ನನಗೆ ಇಷ್ಟ, ಆದರೆ ಹಾಗಾಗಲಿಲ್ಲ. ತುಟಿ ಅಲುಗುವುದು ನಿಂತಿತು. ಅದರ ಬದಲು ಲೆಕ್ಕ ಹಾಕುವುದು ಶುರುವಾಯಿತು. ಕೊರಕಲಿನಲ್ಲಿ ಅವನು ಎಷ್ಟು ಹೊತ್ತು ಜೀವ ಹಿಡಿದಿದ್ದ? ಕೂಗಿದನೇ? ಆ ದಿನ ಊರಲ್ಲಿ ಗಾಳಿ ಯಾವ ಕಡೆ ಬೀಸುತ್ತಿತ್ತು? ಗಂಟೆ ಕೇಳಿಸುವಷ್ಟು ಹತ್ತಿರವಾದರೆ ಕೂಗೂ ಕೇಳಿಸಬೇಕಲ್ಲವೇ? ಪೇಪರು ಈಗ ಅವರೇ ಓದುತ್ತಿದ್ದರು. ನಾನು ಸುಮ್ಮನೆ ಎದುರಿಗೆ ಕೂತಿರುತ್ತಿದ್ದೆ. ಇಂಥ ಪ್ರಶ್ನೆ ಬಂದಾಗ ಉತ್ತರ ಹೇಳುವ ಪ್ರಯತ್ನ ಮಾಡುತ್ತಿರಲಿಲ್ಲ. ಪಾಠ ಹೇಳುವ ಚಪಲ ಅಷ್ಟು ಹೊತ್ತಿಗೆ ನನ್ನನ್ನು ಬಿಟ್ಟಿತ್ತು.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ನಾವು ವಾಲ್ನಟ್ ಕ್ರೀಕ್ ಹತ್ತಿರ ಸ್ವಂತ ಮನೆ ಕೊಂಡು ಹೊರಟೆವು. ಅಜ್ಜಿ ಬಾಗಿಲವರೆಗೆ ಬಂದು ನನ್ನ ತಲೆ ಸವರಿದರು. ಅದೇ ನವೆಂಬರಿನಲ್ಲಿ ಒಂದು ದಿನ ಯಜಮಾನರು ಆಫೀಸಿನಿಂದ ಫೋನ್ ಮಾಡಿ ಟೀವಿ ಹಾಕು ಎಂದರು. ಬರ್ಲಿನ್ನಿನಲ್ಲಿ ಜನ ಗೋಡೆಯ ಮೇಲೆ ಹತ್ತಿ ನಿಂತಿದ್ದರು. ತಬ್ಬಿಕೊಳ್ಳುತ್ತಿದ್ದರು, ಕುಣಿಯುತ್ತಿದ್ದರು. ನನಗೂ ಕಣ್ಣು ತುಂಬಿ ಬಂತು. ಒಡನೆಯೇ ಸಾಂಟಾ ಕ್ಲಾರಾಕ್ಕೆ ಫೋನ್ ಮಾಡಿದೆ.

“ನೋಡ್ತಾ ಇದ್ದೀರಾ ಅಜ್ಜಿ?”

“ನೋಡ್ತಾ ಇದ್ದೀನಿ.”

ಅವರ ಟೀವಿಯ ಸದ್ದು ಫೋನಿನಲ್ಲಿ ಕೇಳುತ್ತಿತ್ತು, ನನ್ನ ಟೀವಿಯದ್ದೂ ಅದೇ ಸದ್ದು.

“ಎಷ್ಟು ಖುಷಿಯಾಗಿದ್ದಾರೆ ನೋಡಿ” ಎಂದೆ.

“ಇವತ್ತು ಖುಷಿಯಾಗಿರಲಿ” ಎಂದರು ಅಜ್ಜಿ. “ನಾಳೆಯಿಂದ ಹುಡುಕೋಕೆ ಹೊರಡ್ತಾರೆ.”

ಆಮೇಲೆ ಮಗಳು ಯಾವ ಕ್ಲಾಸು, ಹೊಸ ಮನೆಯಲ್ಲಿ ಚಳಿ ಹೆಚ್ಚಾ, ಅಂಜೂರದ ಗಿಡದ ಒಂದು ಕೊಂಬೆ ಕಡಿದು ಕೊಡುತ್ತೇನೆ, ಬಂದು ತೆಗೆದುಕೊಂಡು ಹೋಗು ಎಂದರು. ಶನಿವಾರ ಬರುತ್ತೇನೆ ಎಂದೆ. ಶನಿವಾರ ಹೋದೆ.